ಬಾಯಿಗೆ ನೀರು ಬಿಡುವ ದೃಶ್ಯ

ನನ್ನ ಅಮ್ಮನಷ್ಟು ಯುದ್ಧದ ಸಿನಿಮಾ ನೋಡಿದವರು ನಮ್ಮ ಇನ್ನಂಜೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಬೆಳಿಗ್ಗೆ ಕೊಯ್ದ ಮಲ್ಲಿಗೆ ಮೊಗ್ಗನ್ನು ಮುಂದೆ ಸುರಿದುಕೊಂಡು, ಬಾಳೆನಾರಿನಲ್ಲಿ ಒಂದೊಂದೇ ಕಟ್ಟುತ್ತಾ, ಕನ್ನಡಕದ ಮೇಲಿನಿಂದ ಟಿವಿ ನೋಡುತ್ತಾಳೆ. ಅಲ್ಲಿ ಬಾಂಬು ಬೀಳುತ್ತಿರುತ್ತದೆ, ಸೇತುವೆ ಹಾರುತ್ತಿರುತ್ತದೆ, ಇಲ್ಲಿ ಕೈ ತನ್ನಷ್ಟಕ್ಕೆ ಹೂ ಕಟ್ಟುತ್ತಿರುತ್ತದೆ. ಹೂ ಹೊತ್ತಿಗೆ ಸರಿಯಾಗಿ ಪೇಟೆಯ ಮಲ್ಲಿಗೆ ಕಟ್ಟೆಗೆ ಮುಟ್ಟದಿದ್ದರೆ ವ್ಯಾಪಾರದವರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಎಂತಹ ಯುದ್ಧವಾದರೂ ಕೈ ನಿಲ್ಲಿಸಲಿಕ್ಕಿಲ್ಲ. ಹಿಂದಿಯೋ, ಇಂಗ್ಲಿಷೋ, ಯಾವ ಊರಿನ ಭಾಷೆಯೋ, ಅದೆಲ್ಲ ಅವಳಿಗೆ ಲೆಕ್ಕಕ್ಕಿಲ್ಲ.

ಒಂದೇ ಒಂದು ದೃಶ್ಯಕ್ಕೆ ಕೈ ನಿಲ್ಲುತ್ತದೆ. ಗುಂಡು ತಗುಲಿ ಬಿದ್ದವನ ತಲೆಯನ್ನು ಜೊತೆಯವನು ತೊಡೆಯ ಮೇಲೆ ಇಟ್ಟುಕೊಂಡು, ಸೊಂಟದ ಬಾಟಲಿ ತೆಗೆದು, ಬಾಯಿಗೆ ನೀರು ಬಿಡುತ್ತಾನಲ್ಲ, ಅದು. ಆ ದೃಶ್ಯ ಉಂಟಾದರೆ ಸಿನಿಮಾ ಒಳ್ಳೆಯದು. ಇಲ್ಲದಿದ್ದರೆ ದಂಡ. ಸಾಯುವವನು ಉದ್ದಕ್ಕೆ ಮಾತಾಡುತ್ತಾ ಹೋದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. "ಎಂತ ಭಾಷಣ ಮಾರಾಯ ನಿನ್ನದು! ಸುತ್ತ ಇಷ್ಟು ಜನ ನಿಂತಿದ್ದಾರೆ, ಒಬ್ಬನಿಗಾದರೂ ಒಂದು ತೊಟ್ಟು ನೀರು ಕೊಡುವ ಬುದ್ಧಿ ಬೇಡವಾ?" ಎಂದು ಟಿವಿಗೇ ಬೈಯುತ್ತಾಳೆ.

ನನ್ನ ಲೆಕ್ಕ ಬೇರೆ. ನಾನು ಮಣಿಪಾಲದಲ್ಲಿ ಕೆಲಸ ಮಾಡುವವಳು. ಶನಿವಾರ ಸಂಜೆ ನಾವು ಕೆಲವರು ಒಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡಿ, ಚಹಾ ಕುಡಿದು, ಆಮೇಲೆ ಗಂಟಲು ಹರಿಯುವಷ್ಟು ಜಗಳ ಮಾಡುತ್ತೇವೆ. ಯುದ್ಧದ ಸಿನಿಮಾದ ವಿಷಯ ಬಂದರೆ ನನ್ನನ್ನು ಹಿಡಿಯುವವರಿಲ್ಲ. ಬಾವುಟ ಹಾರಿಸಿ, ಎದೆ ಬಡಿದು, ಹಾಡು ಹಾಕಿ ಅಳಿಸುವ ಸಿನಿಮಾಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನಗೆ ಸೇರುವುದು ಏನೂ ಆಗದ ಸಿನಿಮಾ: ಒದ್ದೆ ಸಾಕ್ಸು ಒಣಗಿಸಲು ಜಾಗ ಹುಡುಕುವವನು, ಊಟದ ಸರದಿಯಲ್ಲಿ ನಿಂತು ಬೇಸರಪಡುವವನು, ಶತ್ರುವಿನ ಮುಖವನ್ನೇ ನೋಡದೆ ಸಾಯುವವನು. ಸುಳ್ಳು ಸಮಾಧಾನ ಹೇಳದ ಸಿನಿಮಾ ಮಾತ್ರ ದೊಡ್ಡ ಸಿನಿಮಾ ಎಂದು ನಾನು ಎಷ್ಟು ಸಲ ಮೇಜು ಕುಟ್ಟಿ ಹೇಳಿದ್ದೇನೋ! ಆ ನೀರು ಕೊಡುವ ದೃಶ್ಯವನ್ನಂತೂ ನಾನು ಬಾಯ್ತುಂಬ ಆಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ.

ಯಾಕೆಂದರೆ ನನ್ನ ಅಣ್ಣ ಸೈನ್ಯದಲ್ಲಿದ್ದ. ಲಾರಿ ಓಡಿಸುತ್ತಿದ್ದ. ಎತ್ತರದ ಬೆಟ್ಟಗಳ ಕಡೆ ಅಕ್ಕಿ, ಬೇಳೆ, ಸೀಮೆಎಣ್ಣೆ ಸಾಗಿಸುವ ಕೆಲಸ. ಒಂದು ಚಳಿಗಾಲದಲ್ಲಿ ಹಿಮ ಬಿದ್ದ ದಾರಿಯಲ್ಲಿ ಲಾರಿ ಜಾರಿ ಕೆಳಗೆ ಹೋಯಿತು. ಅಷ್ಟೇ. ಆಗ ಯುದ್ಧವೇ ಇರಲಿಲ್ಲ. ಆದರೂ ಊರಿನವರು ಕಾಪು ಪೇಟೆಯಿಂದ ನಮ್ಮ ಗೇಟಿನವರೆಗೆ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಅಣ್ಣನ ಹಿಂದೆ ಯಾವುದೋ ಟ್ಯಾಂಕು, ಹೊಗೆ, ಬೆಂಕಿ. ಅವನು ಜೀವಮಾನದಲ್ಲಿ ಟ್ಯಾಂಕು ಹತ್ತಿದವನಲ್ಲ. ಹರಿದು ಬಿಸಾಡಬೇಕು ಎನ್ನಿಸಿತ್ತು ನನಗೆ, ಆದರೆ ಅವರೂ ಪ್ರೀತಿಯಿಂದಲೇ ಕಟ್ಟಿದ್ದಲ್ವಾ.

ಹವಾಮಾನ ಸರಿಯಿಲ್ಲದೆ ಅವನು ಊರಿಗೆ ಬರುವಾಗ ತಡವಾಗಿತ್ತು. ಮೈಯಿಡೀ ಬಿಳಿ ಬಟ್ಟೆ ಸುತ್ತಿ, ಮುಖವೂ ಕಾಣದ ಹಾಗೆ ಕಟ್ಟಿದ್ದರು. ಜೊತೆಯಲ್ಲಿ ಬಂದಿದ್ದ ಅಧಿಕಾರಿ ಕೈಮುಗಿದು, ದಯವಿಟ್ಟು ಬಿಚ್ಚಬೇಡಿ, ನೋಡುವ ಸ್ಥಿತಿಯಲ್ಲಿಲ್ಲ ಎಂದರು. ನಮ್ಮಲ್ಲಿ ಕ್ರಮ ಹೇಗೆಂದರೆ, ಹೋದವರನ್ನು ಅಂಗಳದಲ್ಲಿ ಮಲಗಿಸಿ, ಮನೆಯವರು ಒಬ್ಬೊಬ್ಬರೇ ಬಂದು ತುಳಸಿ ಎಲೆಯಲ್ಲಿ ಬಾಯಿಗೆ ನೀರು ಬಿಡುವುದು. ಜಗಳ ಮಾಡಿ ಮಾತು ಬಿಟ್ಟವರೂ ಆ ನೀರಿಗೆ ಬರುತ್ತಾರೆ. ಬಾಯಿಯೇ ಕಾಣದಿದ್ದರೆ ಎಂತ ಮಾಡುವುದು? ಅಮ್ಮ ಅಂದಾಜಿನಲ್ಲಿ, ಬಾಯಿ ಇಲ್ಲಿರಬಹುದು ಎಂದು ಕೈಯಿಂದ ತಡವಿ ನೋಡಿ, ಬಟ್ಟೆಯ ಮೇಲೆ ನೀರು ಬಿಟ್ಟಳು. "ಬಟ್ಟೆ ಕುಡಿಯಿತು, ನನ್ನ ಮಗ ಕುಡಿಯಲಿಲ್ಲ" ಎಂದು ಆಮೇಲೆ ಎಷ್ಟೋ ವರ್ಷ ಹೇಳಿದಳು. ಅಲ್ಲಿ ಬೆಟ್ಟದಲ್ಲಾದರೂ ಯಾರಾದರೂ ನೀರು ಕೊಟ್ಟಿರಬಹುದಾ ಎನ್ನುವ ಒಂದು ಪ್ರಶ್ನೆ ಅವಳನ್ನು ತಿಂದುಹಾಕಿತು. ಸಿನಿಮಾ ನೋಡುವ ಹುಚ್ಚು ಹತ್ತಿದ್ದು ಅದರ ನಂತರ.

ಈ ವರ್ಷ ಒಂದು ಫೋನ್ ಬಂತು. ಕಾರ್ಕಳದವರೊಬ್ಬರು, ಕ್ರಿಶ್ಚಿಯನ್, ಅಣ್ಣನ ತುಕಡಿಯಲ್ಲೇ ಇದ್ದವರು. ನಿವೃತ್ತಿಯಾಗಿ ಊರಿಗೆ ಬಂದಿದ್ದೇನೆ, ಅಮ್ಮನನ್ನು ನೋಡಬೇಕಿತ್ತು, ಆದರೆ ನಿಮ್ಮ ಮನೆ ಮೆಟ್ಟಿಲು ಹತ್ತಲು ನನಗೆ ಧೈರ್ಯ ಬರುವುದಿಲ್ಲ ಎಂದರು. ಅಮ್ಮ ಫೋನ್ ಕಿತ್ತುಕೊಂಡು, "ನೀನು ಬರುವುದು ಬೇಡ ಮಗಾ, ನಾನೇ ಬರುತ್ತೇನೆ" ಎಂದಳು. ಮಾರನೆಯ ದಿನ ಮೊಗ್ಗು ಕೊಯ್ಯಲೂ ಇಲ್ಲ. ನನಗೆ ನೆನಪಿರುವಂತೆ ಹೂವನ್ನು ಗಿಡದಲ್ಲೇ ಅರಳಲು ಬಿಟ್ಟದ್ದು ಅದೇ ಮೊದಲು.

ಕಾರ್ಕಳದ ಅವರ ಮನೆ ಚಿಕ್ಕದು. ಅವರು ಜಗಲಿಯಲ್ಲಿ ಕುರ್ಚಿಯ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವರ ಹೆಂಡತಿ ಶರಬತ್ತು ತಂದಿಟ್ಟರು. ಅಮ್ಮ ಅದನ್ನು ಮುಟ್ಟಲಿಲ್ಲ, ಊರು ಕೇರಿ ವಿಚಾರಿಸಲಿಲ್ಲ, ನೇರ ಕೇಳಿದಳು.

"ನನಗೆ ಒಂದೇ ಗೊತ್ತಾಗಬೇಕು ಮಗಾ. ಅವನ ಬಾಯಿಗೆ ಯಾರಾದರೂ ನೀರು ಬಿಟ್ಟರಾ?"

ಅವರು ನನ್ನನ್ನು ನೋಡಿದರು. ನಾನು ಕಣ್ಣಲ್ಲೇ, ಹೌದು ಎನ್ನಿ ಮಾರಾಯ್ರೆ, ಹೌದು ಎಂದುಬಿಡಿ ಎಂದು ಬೇಡಿದೆ.

"ಹಗ್ಗ ಕಟ್ಟಿಕೊಂಡು ಮೊದಲು ಕೆಳಗೆ ಇಳಿದದ್ದು ನಾನೇ ಅಮ್ಮ" ಎಂದರು. "ನಾನು ಮುಟ್ಟುವಾಗ ಅವ ಹೋಗಿಯಾಗಿತ್ತು. ನಿಮ್ಮವರಲ್ಲಿ ಬಾಯಿಗೆ ನೀರು ಬಿಡುವುದುಂಟು ಅಂತ ನನಗೆ ಗೊತ್ತಿತ್ತು. ನಮ್ಮ ಪಕ್ಕದ ಮನೆಯ ಅಜ್ಜ ಹೋದಾಗ ನೋಡಿದ್ದೆ. ಬೇರೆ ಊರಿನವರಿಗೆ ಅದು ಹೊಳೆಯುತ್ತಿರಲಿಲ್ಲ. ಬಾಟಲಿ ತೆಗೆದೆ. ನೀರು ಕಲ್ಲಾಗಿತ್ತು. ಎಷ್ಟು ಕುಟ್ಟಿದರೂ ಬೀಳಲಿಲ್ಲ. ಕೊನೆಗೆ ಒಂದು ಚಿಟಿಕೆ ಹಿಮ ತೆಗೆದು ಅವನ ಬಾಯಿಗೆ ಇಟ್ಟೆ."

ಅಮ್ಮ ಮುಂದಕ್ಕೆ ಬಾಗಿದಳು. "ಕರಗಿತಾ?"

ಒಂದು ಶಬ್ದ. ಹೌದು ಎಂದರೆ ಮುಗಿಯಿತು. ಯಾವ ಸಿನಿಮಾದವನಾದರೂ ಆ ಒಂದು ಶಬ್ದ ಕೊಟ್ಟುಬಿಡುತ್ತಿದ್ದ, ಹಿಂದೆ ಒಂದು ಕೊಳಲನ್ನೂ ಊದಿಸುತ್ತಿದ್ದ.

"ಇಲ್ಲ ಅಮ್ಮ" ಎಂದರು ಅವರು. "ಕರಗಲಿಲ್ಲ. ನಾನು ಕಾದು ನೋಡಿದೆ. ಆಮೇಲೆ ಅದನ್ನು ಬೆರಳಿನಿಂದ ತೆಗೆದು ಒರೆಸಿದೆ. ನಿಮ್ಮ ಮಂತ್ರ ನನಗೆ ಬರುವುದಿಲ್ಲ, ನಮ್ಮ ಪ್ರಾರ್ಥನೆಯನ್ನೇ ಕೊಂಕಣಿಯಲ್ಲಿ ಹೇಳಿದೆ." ಅಷ್ಟು ಹೇಳಿ ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ದೊಡ್ಡ ಮನುಷ್ಯ, ಒಬ್ಬ ಮುದುಕಿಗೆ ಒಂದು ಸುಳ್ಳು ಹೇಳಲಿಕ್ಕೆ ಆಗುವುದಿಲ್ಲವಾ? ಕತ್ತು ಹಿಡಿದು ಅಲುಗಿಸಬೇಕು ಎನ್ನಿಸಿತು. ಶನಿವಾರ ಸಂಜೆ ಮೇಜು ಕುಟ್ಟುತ್ತಿದ್ದ ನಾನು, ಆ ಜಗಲಿಯಲ್ಲಿ ಸತ್ಯವನ್ನು ಕಂಡು ಓಡಿಹೋಗಲು ದಾರಿ ಹುಡುಕುತ್ತಿದ್ದೆ. ಒಳ್ಳೆಯ ಸಿನಿಮಾ, ಕೆಟ್ಟ ಸಿನಿಮಾ, ಎಲ್ಲ ಹಾಳಾಗಿ ಹೋಗಲಿ.

ಅಮ್ಮ ಅಳಲಿಲ್ಲ. ಎದ್ದು ಹೋಗಿ ಅವರ ಕೈಯನ್ನು ಮುಖದಿಂದ ಬಿಡಿಸಿದಳು. ಬಲಗೈಯನ್ನು ತಿರುಗಿಸಿ ಬೆರಳುಗಳನ್ನು ನೋಡಿದಳು. "ಈ ಕೈಯಾ?" ಎಂದು ಕೇಳಿದಳು. ಅವರು ಹೌದೆಂದು ತಲೆಯಾಡಿಸಿದರು. ಅವಳು ಆ ಕೈಯನ್ನು ಸುಮಾರು ಹೊತ್ತು ಹಿಡಿದುಕೊಂಡೇ ನಿಂತಳು. ಅವರ ಹೆಂಡತಿ ಒಳಗೆ ಹೋಗಿ ಅಳುವುದು ಕೇಳುತ್ತಿತ್ತು. ಹೊರಡುವಾಗ, "ಇನ್ನು ನೀನು ನಮ್ಮ ಮನೆಗೆ ಬರಬೇಕು, ಹೆಂಡತಿಯನ್ನೂ ಕರೆದುಕೊಂಡು ಬಾ" ಎಂದಳು. ಬರುತ್ತೇನೆ ಎಂದರು.

ಬೆಳ್ಮಣ್ ದಾಟುವವರೆಗೆ ಕಾರಿನಲ್ಲಿ ನಾನು ರಸ್ತೆ ನೋಡುತ್ತಿದ್ದೆ, ಅವಳು ಕಿಟಕಿಯ ಹೊರಗೆ ಗದ್ದೆ ನೋಡುತ್ತಿದ್ದಳು. ಬಸ್ಸಿಗೆ ದಾರಿ ಕೊಡಲು ಕಾರನ್ನು ಬದಿಗೆ ತೆಗೆದಾಗ, ನನ್ನ ಕಡೆ ತಿರುಗದೆಯೇ ಕೇಳಿದಳು.

"ಬಿದ್ದ ಕೂಡಲೇ ಹೋಗಿರಬೇಕು ಅಲ್ವಾ ಅವ? ಬಾಯಾರಿಕೆ ಆಗಲಿಕ್ಕೇ ಹೊತ್ತು ಇರಲಿಲ್ಲ, ಅಲ್ವಾ?"

ಹಗ್ಗ ಇಳಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೇಳಲು ನನಗೆ ಭಯವಾಗಿತ್ತು.

"ಇಲ್ಲಮ್ಮ, ಇರಲಿಲ್ಲ" ಎಂದೆ. "ಅವನಿಗೆ ಬಾಯಾರಿಕೆಯೇ ಆಗಿರಲಿಲ್ಲ."

ಅಮ್ಮ ಹಾಂ ಎಂದಳು. ಸೀಟಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ನನಗೆ ಎಂತ ಗೊತ್ತುಂಟು ಮಾರಾಯ್ರೆ.