ಎರಡನೆಯ ಲೋಟ

ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವರನ್ನು ಅಳೆದು ಮುಗಿಸುವುದು ನನ್ನ ಕಸುಬು. ಚಪ್ಪಲಿ ನೋಡಿದರೆ ಚೌಕಾಸಿ ಎಷ್ಟು ಹೊತ್ತು ನಡೆಯುತ್ತದೆಂದು ತಿಳಿಯುತ್ತದೆ. ಕೈಚೀಲ ನೋಡಿದರೆ ಮನೆಯಲ್ಲಿ ಎಷ್ಟು ಬಾಯಿ ಎಂದು ತಿಳಿಯುತ್ತದೆ. ಆ ದಿನ ಬಂದ ಹುಡುಗಿಯ ಚಪ್ಪಲಿ ಎರಡು ಸಲ ಹೊಲಿಸಿದ್ದು, ಕೈಚೀಲ ಚಪ್ಪಟೆ, ಬೆರಳ ತುದಿಗಳಲ್ಲಿ ಗಾಜಿನ ಬಿಳಿ ಪುಡಿ. ವಯಸ್ಸು ಇಪ್ಪತ್ತೆಂಟರ ಆಚೀಚೆ. ಸರಕು ಗಟ್ಟಿ, ಹೊಳಪು ಕಡಿಮೆ, ಯಾರೋ ಕಪಾಟಿನ ಹಿಂದಿನ ಸಾಲಿನಲ್ಲಿಟ್ಟು ಮರೆತದ್ದು ಎಂದು ಅಂದಾಜು ಹಾಕಿದೆ.

“ಒಂದು ಪಿಂಗಾಣಿ ಲೋಟ ಬೇಕಿತ್ತು ಯಜಮಾನ್ರೇ.”

“ಆರರ ಸೆಟ್ಟು ತಾಯಿ. ಬಿಡಿ ಕೊಡಲ್ಲ.”

“ನನಗೆ ಒಂದೇ ಸಾಕು.”

“ನಿಮಗೆ ಒಂದು ಕೊಟ್ಟು ಉಳಿದ ಐದನ್ನ ನಾನೇನು ತಲೆ ಮೇಲೆ ಹೊತ್ಕೊಳ್ಳಲಾ? ನಿಮ್ಮನೆಗೆ ನೆಂಟರಿಷ್ಟರು ಬರಲ್ವಾ?”

ಅವಳು ಲೋಟವನ್ನು ಕೈಯಲ್ಲಿ ತಿರುಗಿಸಿದಳು. “ಬರ್ತಾರೆ” ಎಂದಳು. ಆ ದನಿಯಲ್ಲೇ ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಾಯಿತು. ಆದರೂ ಆರನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ದಾರ ಕಟ್ಟಿ ಕೈಗೆ ಕೊಟ್ಟೆ. ಮುಂದಿನದನ್ನೆಲ್ಲ ಅವಳೇ ಆಮೇಲೆ ಕಂತು ಕಂತಾಗಿ ಹೇಳಿದ್ದು. ಬೀದಿಯ ಆಚೆಬದಿಯ ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ನನ್ನ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರುವುದು ಆಮೇಲಾಮೇಲೆ ರೂಢಿಯಾಯಿತು.

ಕನ್ನಡಕದ ಹುಡುಗಿ ಎಂದೇ ಬೀದಿಯವರು ಅವಳನ್ನು ಕರೆಯುತ್ತಿದ್ದರು. ಅಂಗಡಿಯ ಒಳಕೋಣೆಯಲ್ಲಿ, ತಿರುಗುವ ಕಲ್ಲಿಗೆ ಗಾಜು ಹಿಡಿದು, ಚೌಕಟ್ಟಿನ ಅಳತೆಗೆ ಅರೆಯುವುದು ಅವಳ ಕೆಲಸ. ಗಾಜಿನ ನಡುವೆ ಶಾಯಿಯ ಒಂದು ಚುಕ್ಕೆ ಇಡಬೇಕು, ಆ ಚುಕ್ಕೆ ಗಿರಾಕಿಯ ಕಣ್ಣಿನ ಪಾಪೆಗೆ ಸರಿಯಾಗಿ ಬರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ತಲೆನೋವು. ಚುಕ್ಕೆ ಸರಿಯಿದೆಯೇ ಎಂದು ನೋಡಲು ಅವಳು ಜನರ ಮುಖದ ಹತ್ತಿರ ಮುಖ ತರುತ್ತಿದ್ದಳು. ಅವರು ಅವಳ ಭುಜದ ಮೇಲಿನಿಂದ ಕನ್ನಡಿ ನೋಡುತ್ತಿದ್ದರು. ಹೊಸ ಕನ್ನಡಕ ಹಾಕಿಕೊಂಡವರಿಗೆ ಮೊದಲು ಕಾಣಬೇಕಾದದ್ದು ಎದುರಿಗಿರುವ ಅವಳು, ಆದರೆ ಕಾಣುತ್ತಿದ್ದದ್ದು ಅವರೇ. ಏಳು ವರ್ಷದಲ್ಲಿ ಯಾರೂ ಅವಳ ಮುಖ ನೆನಪಿಟ್ಟುಕೊಂಡು ಎರಡನೆಯ ಸಲ ಬಂದದ್ದಿಲ್ಲ.

ತಾಯಿ ತೀರಿಕೊಂಡಾಗ ಅವಳು ಏಳನೆಯ ತರಗತಿ. ತಂದೆ ಲಾರಿ ಡ್ರೈವರು. ಇವತ್ತು ಇಲ್ಲಿ, ನಾಳೆ ಎಲ್ಲೋ. ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ ಹೋಗಿ, ಕೊನೆಗೆ ಒಂದು ಬಾಡಿಗೆ ಕೋಣೆಗೆ ಬಂದು ನಿಂತಳು. ಮೂರನೆಯ ಮಹಡಿ, ಒಂದು ಕಿಟಕಿ, ಎದುರಿಗೆ ಗೋಡೆ. ತಂದೆ ಎರಡು ತಿಂಗಳಿಗೊಮ್ಮೆ ಫೋನು ಮಾಡಿ “ಊಟ ಆಯ್ತಾ” ಎಂದು ಕೇಳುತ್ತಿದ್ದ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಇಂಥವಳು ಒಂದು ದಿನ, ಅಂಗಡಿಯ ಮಧ್ಯಾಹ್ನದ ಬಿಡುವಿನ ಹೊತ್ತಿಗೆ, ಸಿನಿಮಾ ಕಲಿಸುವ ಒಂದು ಸಣ್ಣ ಶಾಲೆಗೆ ಸೇರಿಬಿಟ್ಟಳು. ಏಕೆ ಎಂದು ಕೇಳಿದರೆ, “ಕತ್ತಲಲ್ಲಿ ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಿರ್ತಾರಲ್ಲ ಯಜಮಾನ್ರೇ, ಅದಕ್ಕೆ” ಎಂದಳು. ನನಗೆ ಅರ್ಥವಾಗಲಿಲ್ಲ. ಅರ್ಥವಾದಂತೆ ತಲೆಯಾಡಿಸಿದೆ.

ತರಗತಿಯಲ್ಲಿ ಅವಳೇ ಹಿರಿಯಳು, ಹಾಗಾಗಿ ಎಲ್ಲರಿಗೂ ಅಕ್ಕ. ಅವಳ ತಂಡದಲ್ಲಿ ಇನ್ನಿಬ್ಬರು. ಒಬ್ಬ ಉದ್ದನೆಯ ಹುಡುಗ, ನಡೆಯುವಾಗಲೂ ಹಿಂದೆ ಸಂಗೀತ ಕೇಳಿಸುತ್ತಿದೆಯೇನೋ ಎಂಬಂತೆ ನಡೆಯುತ್ತಿದ್ದ. ಅವನನ್ನು ಹೀರೋ ಎನ್ನುತ್ತಿದ್ದರು. ಇನ್ನೊಬ್ಬಳು ಧ್ವನಿಮುದ್ರಣ ಕಲಿಯುವವಳು, ಅವಳಿಗೆ ಯಂತ್ರವೇ ಬೇಡ, ಪಿಸುಗುಟ್ಟಿದರೂ ಮೂರು ಮನೆಗೆ ಕೇಳಿಸುತ್ತಿತ್ತು, ಆದ್ದರಿಂದ ಮೈಕು. ಸೇರಿದ ಮೊದಲ ವಾರವೇ ಮೈಕು, “ಅಕ್ಕಾ, ಯಾರ ಜೊತೆ ಇದೀರಾ?” ಎಂದು ಇಡೀ ತರಗತಿಗೆ ಕೇಳಿಸುವಂತೆ ಕೇಳಿದ್ದಳು. ಇವಳ ಬಾಯಿಂದ ಬಂದದ್ದು, “ಚಿಕ್ಕಮ್ಮನ ಜೊತೆ.”

ಹೀಗೆ ಹುಟ್ಟಿದ ಚಿಕ್ಕಮ್ಮ ದಿನೇ ದಿನೇ ಬೆಳೆದಳು. ಮಂಡಿನೋವು ಬಂತು. ಮೂಗಿನ ಮೇಲೆ ಕೋಪ ಬಂತು. ಮನೆಗೆ ಯಾರಾದರೂ ಬಂದರೆ ಆಗುವುದಿಲ್ಲ ಎಂಬ ಗುಣವೂ ಬಂತು, ಇದರಿಂದ ಯಾರನ್ನೂ ಕರೆಯದಿರಲು ಅನುಕೂಲವಾಯಿತು. ಅಂಗಡಿಯಲ್ಲಿಲ್ಲದ ಸರಕನ್ನು ಇದೆಯೆಂದು ಹೇಳಿ ಗಿರಾಕಿಯನ್ನು ಕೂರಿಸಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದಕ್ಕೆ ಮಂಡಿನೋವು ಕೂಡಿಸಿದವರನ್ನು ಕಂಡಿರಲಿಲ್ಲ.

ವರ್ಷದ ಕೊನೆಯಲ್ಲಿ ಮೇಷ್ಟ್ರು ಕೆಲಸ ಹಚ್ಚಿದರು. ಪ್ರತಿ ತಂಡವೂ ಒಂದು ರೋಚಕ ಸಿನಿಮಾದ ಆರಂಭದ ಎರಡು ನಿಮಿಷವನ್ನು ಮಾತ್ರ ಯೋಜಿಸಬೇಕು. ಯಾವ ದೃಶ್ಯದ ನಂತರ ಯಾವ ದೃಶ್ಯ, ಎಷ್ಟು ಸೆಕೆಂಡು, ಏನು ಸದ್ದು, ಎಲ್ಲವನ್ನೂ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು. “ಎರಡು ನಿಮಿಷದಲ್ಲಿ ನೋಡೋನ ಬೆನ್ನು ಕುರ್ಚಿ ಬಿಟ್ಟು ಮುಂದೆ ಬರಬೇಕು. ತಂಡ ಮೂರು, ಕ್ಯಾಮೆರಾ ಒಂದೇ. ಯಾರದು ಚೆನ್ನಾಗಿದೆಯೋ ಅವರಿಗೆ ಒಂದು ದಿನ ಕೊಡ್ತೀನಿ. ಮಿಕ್ಕವರು ಚೀಟಿ ಮನೆಗೆ ತಗೊಂಡು ಹೋಗಿ.”

ಅವಳಿಗೆ ಆ ಕ್ಯಾಮೆರಾ ಬೇಕಿತ್ತು. ಬದುಕಿನಲ್ಲಿ ಹೀಗೆ ಮನಸಾರೆ ಏನನ್ನಾದರೂ ಬೇಕೆಂದುಕೊಂಡದ್ದು ಅದೇ ಮೊದಲು. ಏಳು ವರ್ಷ ಬೇರೆಯವರ ಕಣ್ಣಿಗೆ ಗಾಜು ಅರೆದವಳಿಗೆ, ಒಂದು ದಿನ ತನ್ನ ಕಣ್ಣಿಗೆ ಒಂದು ಗಾಜು.

ಹೀರೋನ ಯೋಜನೆ ಸಿದ್ಧವಾಗಿತ್ತು. ಒಬ್ಬ ಓಡುತ್ತಾನೆ, ಇನ್ನೊಬ್ಬ ಅಟ್ಟಿಸಿಕೊಂಡು ಬರುತ್ತಾನೆ, ಮೆಟ್ಟಿಲು, ಚಾಕು, ರಕ್ತ. “ಓಡೋನು ನಾನೇ” ಎಂದ. “ಅಟ್ಟಿಸ್ಕೊಂಡು ಬರೋನು?” ಎಂದಳು ಮೈಕು. “ಅವನ ಮುಖ ತೋರಿಸಲ್ಲ. ಅದೂ ನಾನೇ ಮಾಡ್ತೀನಿ.” ಇನ್ನೆರಡು ತಂಡಗಳೂ ಓಡಿಸುತ್ತಿವೆ, ಮೂವರೂ ಓಡಿದರೆ ಶಾಲೆಯ ಮೆಟ್ಟಿಲೇ ಸವೆದೀತು ಎಂದು ಮೇಷ್ಟ್ರು ಹೇಳಿದ ಮೇಲೆ ಅವನು ಬೇಸರದಿಂದ ಸುಮ್ಮನಾದ.

ಆಗ ಅವಳು ತನ್ನ ಚೀಟಿಗಳನ್ನು ತೆಗೆದಳು. ಕನ್ನಡಕದ ಅಂಗಡಿಯ ಹಳೆಯ ಅಳತೆಚೀಟಿಗಳು, ಒಂದು ಬದಿಯಲ್ಲಿ ಯಾರಯಾರದೋ ಕಣ್ಣಿನ ನಂಬರು, ಇನ್ನೊಂದು ಬದಿಯಲ್ಲಿ ಪೆನ್ಸಿಲಿನ ಚಿತ್ರ. ಹೆಂಗಸೊಬ್ಬಳು ಕೆಲಸ ಮುಗಿಸಿ ಕೋಣೆಗೆ ಬರುತ್ತಾಳೆ. ಬೀಗ ತೆರೆಯುತ್ತಾಳೆ. ಚೀಲ ಇಡುತ್ತಾಳೆ. ಮೇಜಿನ ಮೇಲೆ ಒಂದು ಲೋಟ, ಅದರಿಂದ ಹಬೆ ಏಳುತ್ತಿದೆ. ಅವಳ ಮುಖ. ಕತ್ತಲೆ.

ಇದನ್ನು ಬರೆಯುವಾಗ ಅವಳ ಮೈಮೇಲೆ ಮುಳ್ಳೆದ್ದಿತ್ತು. ತರಗತಿಯಲ್ಲಿ ಯಾರ ರೋಮವೂ ಅಲ್ಲಾಡಲಿಲ್ಲ.

“ಆಮೇಲೆ?” ಎಂದ ಹೀರೋ.

“ಅಷ್ಟೇ. ಲೋಟ ಬಿಸಿ ಇದೆ.”

“ಯಾರೋ ಟೀ ಮಾಡಿಟ್ಟಿದಾರೆ ಅಕ್ಕಾ. ಒಳ್ಳೇದೇ ಆಯ್ತಲ್ಲ!”

ಮೈಕು ನಕ್ಕಳು. “ನಮ್ಮನೇಲಿ ಹೋದ ತಕ್ಷಣ ಟೀ ಇಲ್ಲ ಅಂದ್ರೇನೇ ಭಯ. ಅಮ್ಮನ ಮೂಡು ಸರಿ ಇಲ್ಲ ಅಂತ ಅರ್ಥ. ನಿಮ್ಮ ಚಿಕ್ಕಮ್ಮ ಮಾಡಿಡಲ್ವಾ ಅಕ್ಕಾ?”

“ಮಾಡ್ತಾರೆ” ಎಂದಳು ಅವಳು.

ಅಲ್ಲಿ ಕೂತ ಮಿಕ್ಕ ಎಂಟು ಜನವೂ ತುಂಬಿದ ಮನೆಗಳಿಂದ ಬಂದವರು. ಅವರ ಮನೆಗಳಲ್ಲಿ ಲೋಟ ತಾನಾಗಿಯೇ ಬಿಸಿಯಾಗುತ್ತಿತ್ತು, ಬಾಚಣಿಗೆ ತಾನಾಗಿಯೇ ಕಳೆದು ತಾನಾಗಿಯೇ ಸಿಗುತ್ತಿತ್ತು. ಎಲ್ಲರಿಗೂ ಗೊತ್ತೆಂದು ಅವಳು ಹೇಳದೇ ಬಿಟ್ಟದ್ದು ಅವಳೊಬ್ಬಳಿಗೇ ಗೊತ್ತಿದ್ದ ವಿಷಯವಾಗಿತ್ತು.

ಮೇಷ್ಟ್ರು ಮಾತ್ರ ಚೀಟಿಯನ್ನು ಎರಡು ಸಲ ನೋಡಿದರು. “ಈ ಲೋಟ ನೋಡಿ ನೀವು ಹೆದರಿದೀರಮ್ಮ. ಅದು ಗೊತ್ತಾಗುತ್ತೆ. ಯಾಕೆ ಹೆದರಿದ್ರಿ ಅನ್ನೋದು ಚೀಟೀಲಿ ಇಲ್ಲ. ಶನಿವಾರದ ತನಕ ಟೈಮಿದೆ.”

ಆ ವಾರ ಅವಳು ಒಂದು ವಿಚಿತ್ರ ಕೆಲಸ ಮಾಡಿದಳು. ತನ್ನನ್ನು ತಾನೇ ಹೆದರಿಸಲು ನೋಡಿದಳು. ಬೆಳಗ್ಗೆ ಹೊರಡುವಾಗ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು, ಬಾಚಣಿಗೆಯನ್ನು ಹಾಸಿಗೆಯ ಮೇಲೆ ಎಸೆದಳು, ಲೋಟವನ್ನು ಕಿಟಕಿಯಲ್ಲಿಟ್ಟಳು. ಸಂಜೆ ಬಂದು ಬೀಗ ತೆರೆದಾಗ ಬೆಚ್ಚಿಬೀಳಬೇಕೆಂದು ಆಸೆ. ಬಾಗಿಲು ತೆರೆದಳು. ಕುರ್ಚಿ ಗೋಡೆ ನೋಡುತ್ತಿತ್ತು, ಅವಳೇ ತಿರುಗಿಸಿದ್ದು. ಬಾಚಣಿಗೆ ಹಾಸಿಗೆಯ ಮೇಲಿತ್ತು, ಅವಳೇ ಎಸೆದದ್ದು. ಮಾರನೆಯ ದಿನ ಕಣ್ಣು ಮುಚ್ಚಿಕೊಂಡು ಇಟ್ಟಳು. ಕೈಗೆ ನೆನಪಿತ್ತು. ಮೂರು ದಿನ ಹೀಗೆ ಮಾಡಿ, ನಾಲ್ಕನೆಯ ಸಂಜೆ ಬಾಗಿಲಲ್ಲೇ ನಿಂತುಬಿಟ್ಟಳು. ಈ ಕೋಣೆಯಲ್ಲಿ ಅವಳು ಮುಟ್ಟದೆ ಒಂದು ಚಮಚವೂ ಅಲ್ಲಾಡುವುದಿಲ್ಲ. ಬೆಳಗ್ಗೆ ಬಿಟ್ಟುಹೋದ ಗಳಿಗೆಯೇ ಸಂಜೆಯವರೆಗೆ ಅಲ್ಲಿ ಕೂತು ಕಾಯುತ್ತಿರುತ್ತದೆ.

ನೆಲದ ಮೇಲೆ ಕೂತು ಹೊಸ ಚೀಟಿಗಳನ್ನು ಬರೆದಳು. ಬರೆಯುತ್ತಾ ಇನ್ನೊಂದು ಸಂಗತಿ ಹೊಳೆದು ಪೆನ್ಸಿಲು ನಿಂತಿತು. ಇದನ್ನು ಗೋಡೆಗೆ ಅಂಟಿಸಿದರೆ ಎಲ್ಲರೂ ಅವಳ ಕೋಣೆಯನ್ನು ನೋಡುತ್ತಾರೆ. ಕ್ಯಾಮೆರಾ ಸಿಕ್ಕರಂತೂ ಒಳಗೇ ಬರುತ್ತಾರೆ. ಬಂದರೆ ಚಿಕ್ಕಮ್ಮ ಎಲ್ಲಿ? ಅರ್ಧ ಗಂಟೆ ಕೂತಳು. ಒಂದು ಕಡೆ ಕ್ಯಾಮೆರಾ, ಇನ್ನೊಂದು ಕಡೆ ಮಂಡಿನೋವಿನ ಚಿಕ್ಕಮ್ಮ. ಆ ಚಿಕ್ಕಮ್ಮನೂ ಹತ್ತು ತಿಂಗಳು ಜೊತೆಗಿದ್ದವಳೇ.

ಶನಿವಾರ ಮಧ್ಯಾಹ್ನ ಅವಳು ಗೋಡೆಗೆ ಇಪ್ಪತ್ತೊಂದು ಚೀಟಿ ಅಂಟಿಸಿ, ಒಂದೊಂದಾಗಿ ಬೆರಳಿಟ್ಟು ಹೇಳುತ್ತಾ ಹೋದಳು.

ಬೆಳಗ್ಗೆ. ಒಂದು ಚಪ್ಪಲಿ ಜೋಡಿ, ಒಂದು ತಟ್ಟೆ, ಒಂದು ಬಾಚಣಿಗೆ. ಹೆಂಗಸು ಲೋಟ ತೊಳೆದು ಬೋರಲು ಹಾಕುತ್ತಾಳೆ. ಪಕ್ಕದಲ್ಲಿ ಲೋಟಗಳ ಡಬ್ಬಿ. ಅದರ ಆರು ಖಾನೆಗಳಲ್ಲಿ ಒಂದು ಮಾತ್ರ ಖಾಲಿ, ಉಳಿದ ಐದರಲ್ಲಿ ಲೋಟಗಳು ಪತ್ರಿಕೆಯಲ್ಲಿ ಸುತ್ತಿದ ಹಾಗೇ ಇವೆ. ಬೀಗ ಬೀಳುತ್ತದೆ. ಖಾಲಿ ಕೋಣೆ, ಹದಿನೈದು ಸೆಕೆಂಡು.

“ಹದಿನೈದಾ?” ಎಂದ ಹೀರೋ. “ಅಷ್ಟು ಹೊತ್ತು ಏನು ನೋಡೋದು?”

“ಏನೂ ಇಲ್ಲ ಅನ್ನೋದನ್ನ” ಎಂದಳು.

ಸಂಜೆ. ಬೀಗ ತೆರೆಯುತ್ತದೆ. ಚಪ್ಪಲಿ, ತಟ್ಟೆ, ಬಾಚಣಿಗೆ, ಇಟ್ಟಲ್ಲೇ. ಮಾರನೆಯ ಬೆಳಗ್ಗೆ ಅದೇ. ಮಾರನೆಯ ಸಂಜೆ ಅದೇ. ಮೂರನೆಯ ಸಂಜೆ ಬೀಗ ತೆರೆಯುತ್ತದೆ. ಚಪ್ಪಲಿ ಇಟ್ಟಲ್ಲೇ. ತಟ್ಟೆ ಇಟ್ಟಲ್ಲೇ. ನೆಲದ ಮೇಲೆ ಮುದ್ದೆಯಾದ ಒಂದು ಪತ್ರಿಕೆಯ ಹಾಳೆ. ಡಬ್ಬಿಯಲ್ಲಿ ಎರಡು ಖಾನೆ ಖಾಲಿ. ಮೇಜಿನ ಮೇಲೆ ಎರಡು ಲೋಟ, ಎದುರುಬದುರು. ಎರಡರಿಂದಲೂ ಹಬೆ.

ಹೀರೋನ ಬೆನ್ನು ಕುರ್ಚಿ ಬಿಟ್ಟು ಮುಂದೆ ಬಂದಿತ್ತು. ಮೈಕು ಹುಟ್ಟಿದಾರಭ್ಯ ಮೊದಲ ಸಲ ನಿಜವಾಗಿ ಪಿಸುಗುಟ್ಟಿದಳು, “ಅಕ್ಕಾ... ಯಾರು ಬಂದಿದ್ರು?”

“ಗೊತ್ತಿಲ್ಲ” ಎಂದಳು ಅವಳು. “ಎರಡು ನಿಮಿಷ ಮುಗೀತು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಕ್ಯಾಮೆರಾ ಬುಧವಾರ ತಗೊಳ್ಳಿ. ಆದರೆ ಇಂಥ ರೂಮು ಎಲ್ಲಿ ಹುಡುಕ್ತೀರಿ?”

“ನನ್ನದೇ ಇದೆ.”

“ಚಿಕ್ಕಮ್ಮ ಒಪ್ತಾರಾ?” ಎಂದಳು ಮೈಕು.

“ಚಿಕ್ಕಮ್ಮ ಇಲ್ಲ.”

“ಊರಿಗೆ ಹೋದ್ರಾ?”

“ಇರಲೇ ಇಲ್ಲ.”

ಹೀರೋ ಕೇಳಿದ, “ಹಾಗಾದ್ರೆ ಆ ಮಂಡಿನೋವು?”

“ಅದೂ ಇರಲಿಲ್ಲ.”

“ಛೆ! ನಮ್ಮಜ್ಜಿ ಹಚ್ಚೋ ಎಣ್ಣೆ ಕೇಳಿಟ್ಕೊಂಡಿದ್ದೆ ಅಕ್ಕಾ” ಎಂದ. ಯಾರೋ ನಕ್ಕರು, ಅವಳೂ ನಕ್ಕಳು, ನಗು ಅಲ್ಲಿಗೇ ನಿಂತಿತು. ಅಯ್ಯೋ ಪಾಪ ಎಂಬ ಮುಖ ಮಾಡಿಕೊಂಡು ಎಂಟು ಜನ ಕೂತದ್ದನ್ನು ನೋಡುವುದಕ್ಕಿಂತ ಮತ್ತೆ ಒಬ್ಬ ಚಿಕ್ಕಮ್ಮನನ್ನು ಹುಟ್ಟಿಸುವುದೇ ವಾಸಿ ಎಂದು ಅವಳಿಗೆ ಅನಿಸಿತಂತೆ.

ಬುಧವಾರ ಅವರು ದೀಪ, ವೈರು, ಗದ್ದಲದ ಸಮೇತ ಮೂರನೆಯ ಮಹಡಿ ಹತ್ತಿದರು. ಮಧ್ಯಾಹ್ನ ಟೀ ಕುಡಿಯಲು ಐದು ಲೋಟಗಳನ್ನೂ ಬಿಚ್ಚಿದರು. ಕುಡಿದಾದ ಮೇಲೆ ಅವಳು ಎಲ್ಲವನ್ನೂ ತೊಳೆದು, ಒರೆಸಿ, ಅದೇ ಹಾಳೆಗಳಲ್ಲಿ ಅದೇ ಮಡಿಕೆಗೆ ಸುತ್ತಬೇಕಾಯಿತು. ಮುಂದಿನ ದೃಶ್ಯದಲ್ಲಿ ಅವು ಬಿಚ್ಚದೇ ಇರಬೇಕಿತ್ತು. ಸಂಜೆಗೆ ಎಲ್ಲರೂ ಇಳಿದುಹೋದರು. ಮೈಕುವಿನ ಮಾತು ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಯಾರೋ ಬಾಚಣಿಗೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋಗಿದ್ದರು. ಒಂದು ವಾರ ಅವಳು ಅದನ್ನು ತೆಗೆಯಲಿಲ್ಲ. ಕೈಬೆರಳಿನಿಂದಲೇ ತಲೆ ಸರಿಮಾಡಿಕೊಂಡು ಕೆಲಸಕ್ಕೆ ಬರುತ್ತಿದ್ದಳು.

ತಿಂಗಳ ನಂತರ ಶಾಲೆಯಲ್ಲಿ ಆ ಎರಡು ನಿಮಿಷವನ್ನು ತೋರಿಸುವ ದಿನ ಗೊತ್ತಾಯಿತು. ಪ್ರತಿಯೊಬ್ಬರೂ ಮನೆಯವರಲ್ಲಿ ಒಬ್ಬರನ್ನು ಕರೆತರಬಹುದು, ಪಕ್ಕದ ಕುರ್ಚಿ ಅವರಿಗೇ. ತಂದೆಗೆ ಫೋನು ಮಾಡಿದಳು. ಲಾರಿ ಎರಡು ದಿನದ ದೂರದಲ್ಲಿತ್ತು. ಚಿಕ್ಕಮ್ಮನನ್ನು ಅವಳೇ ಇಲ್ಲವೆನಿಸಿದ್ದಳು. ಬೆಳಗ್ಗೆ ನನ್ನ ಮೆಟ್ಟಿಲ ಮೇಲೆ ಕೂತು ಆಮಂತ್ರಣದ ಚೀಟಿಯನ್ನು ನನ್ನ ಕಡೆ ಚಾಚಿದಳು.

“ನೀವು ಬರ್ತೀರಾ ಯಜಮಾನ್ರೇ? ಭಾನುವಾರ ನಾಲ್ಕು ಗಂಟೆಗೆ. ಎರಡು ನಿಮಿಷ, ಹತ್ತು ಸೆಕೆಂಡು.”

“ಬರದೇ ಇರ್ತೀನಾ ತಾಯಿ!” ಎಂದೆ.

ಭಾನುವಾರ ಮೂರೂವರೆಗೆ ಹೋಟೆಲಿನವನೊಬ್ಬ ಬಂದು ಇನ್ನೂರು ತಟ್ಟೆ ಬೇಕೆಂದ. ಒಂದೊಂದನ್ನೂ ಬೆರಳಿಂದ ತಟ್ಟಿ ಸದ್ದು ಕೇಳಿ ತೆಗೆದುಕೊಳ್ಳುವ ಜಾತಿಯ ಗಿರಾಕಿ. ಅವನು ಮೆಟ್ಟಿಲಿಳಿಯುವಾಗ ಐದೂವರೆ.

ಸೋಮವಾರ ಅವಳು ಎಂದಿನಂತೆ ಬಂದು ಕೂತಳು. ನಾನು ತಟ್ಟೆಯ ಕಥೆ ಶುರುಮಾಡಿದೆ.

“ಪರವಾಗಿಲ್ಲ ಬಿಡಿ” ಎಂದಳು. “ಎಲ್ಲರೂ ಚಪ್ಪಾಳೆ ತಟ್ಟಿದ್ರು. ಆ ಕುರ್ಚಿ ಮೇಲೆ ನನ್ನ ಚೀಲ ಇಟ್ಕೊಂಡಿದ್ದೆ.”

ಆಮೇಲೆ ಎದ್ದು, ಬೀದಿ ದಾಟಿ, ಕನ್ನಡಕದ ಅಂಗಡಿಯ ಬಾಗಿಲು ತೆರೆದು ಒಳಕ್ಕೆ ಹೋದಳು.

ಅವಳ ಪಕ್ಕದಲ್ಲಿ ಎರಡು ನಿಮಿಷ ಹತ್ತು ಸೆಕೆಂಡು ಕೂರುತ್ತೇನೆಂದು ನಾನು ಮಾತು ಕೊಟ್ಟಿದ್ದೆ, ಕೂರಲಿಲ್ಲ. ಅವಳಿಗೆ ನಾನು ಕೊಡಬೇಕಾದ ಬಾಕಿ ಅಷ್ಟು.