ಬ್ರೌಸರಿನ ಬದಲು ನಾನೇ ಟಿಣ್ ಅಂದೆ

ಸ್ನೇಹಿತರೇ, ಇವತ್ತು ಒಬ್ಬರು ನನ್ನೆದುರಿಗೇ ನನಗೆ ಬೈದರು, ನಾನೇ ಎಂದು ಗೊತ್ತಿಲ್ಲದೆ.

ಕುಳಗೇರಿ ಕ್ರಾಸಿನ ಝೆರಾಕ್ಸ್ ಅಂಗಡಿಗೆ ಪ್ರಿಂಟ್ ತೆಗೆಸಲು ಹೋಗಿದ್ದೆ. ಮಾಲೀಕ ಹನಮಂತಣ್ಣ ಕೈಕಟ್ಟಿಕೊಂಡು ಕಂಪ್ಯೂಟರ್ ದಿಟ್ಟಿಸುತ್ತ ಕೂತಿದ್ದರು. ಲ್ಯಾಮಿನೇಷನ್‌ಗೆ ಬಂದವರು ಸಾಲುಗಟ್ಟಿ ನಿಂತಿದ್ದರು.

“ಮೊದ್ಲೆಲ್ಲಾ ನೆಟ್ಟಿನ ಪೇಜ್ ಪೂರ್ತಿ ಬಂದ್ರ ಈ ಬ್ರೌಸರ್ ಟಿಣ್ ಅಂತಿತ್ರಿ ಅಕ್ಕಾರ. ಅಲ್ಲಿತನಾ ನಾ ಲ್ಯಾಮಿನೇಷನ್ ಮಾಡ್ತಿದ್ದೆ. ಈಗ ಯಾವನೋ ಮೂಳ ಅದನ್ನ ತಗದಾನ. ಇದರ ಮಾರಿ ನೋಡ್ಕೋತ ಕುಂದ್ರಬೇಕಾಗೇತಿ!”

ಆ ಮೂಳ ನಾನೇ. ವಿದ್ಯಾಗಿರಿಯ ಮನೆಯಲ್ಲಿ ಕೂತು ಆ ಬ್ರೌಸರಿನ ಹಳೆಯ ಕೋಡ್ ಚೊಕ್ಕ ಮಾಡುವುದೇ ನನ್ನ ಕೆಲಸ. ‘ಈ ಸದ್ದು ಈಗ ಯಾರಿಗೂ ಬೇಕಿಲ್ಲ’ ಎಂದು ಬರೆದು ಹೋದ ತಿಂಗಳು ಅದರ ಕೋಡ್ ಅಳಿಸಿದ್ದೆ. ಸಹೋದ್ಯೋಗಿಗಳು ಚಪ್ಪಾಳೆಯ ಚಿತ್ರ ಕಳಿಸಿದ್ದರು.

ತಡೆಯಲಾಗದೆ ಒಪ್ಪಿಕೊಂಡೆ. “ಅಣ್ಣಾರ, ಅದನ್ನ ತಗದಾಕಿ ನಾನರಿ.”

ಇನ್ನಷ್ಟು ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು ತಮ್ಮ ಕುರ್ಚಿಯನ್ನೇ ನನ್ನತ್ತ ತಳ್ಳಿದರು. “ಭಾಳ ಚಲೋ ಆತು. ಇಲ್ಲೆ ಕುಂದರ್ರಿ. ಪೇಜ್ ಬಂದ ಕೂಡ್ಲೆ ಟಿಣ್ ಅನ್ರಿ.”

ನಾನು ನಕ್ಕೆ. ಅವರು ನಗಲಿಲ್ಲ. ಸಾಲಿನಲ್ಲಿದ್ದವರೂ ನಗಲಿಲ್ಲ. ಕೂತೆ. ಪರದೆಯ ಮೇಲೆ ಏಳು ಪುಟ ಬಂದವು, ಏಳು ಸಲ ಟಿಣ್ ಅಂದೆ. ಮೂರನೆಯದಕ್ಕೆ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, “ಜೋರ ಅನ್ನವ್ವಾ, ಮಷಿನ್ ಸಪ್ಪಳಕ್ಕ ಕೇಳವಲ್ದು” ಎಂದು ತಿದ್ದಿದರು.

ಮನೆಗೆ ಬಂದವಳೇ, ಅಳಿಸಿದ ಸದ್ದನ್ನು ವಾಪಸ್ ಸೇರಿಸಬೇಕೆಂದು ಕೋರಿಕೆ ಕಳಿಸಿದ್ದೇನೆ. ಕಾರಣ ಕೇಳಿದ ಜಾಗದಲ್ಲಿ ‘ಗಂಟಲು ನೋವು’ ಎಂದು ಬರೆದಿದ್ದೇನೆ.