ಹದಿನಾಲ್ಕು ಫೋಟೋಗಳ ಹೆಂಗಸು

ಮೆನು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೊಳ್ಳುಗರಿಗೆಂದೇ ಹೊರಡುತ್ತಿದ್ದ ಒಂದು ಮಾಸಪತ್ರಿಕೆಯ ಪರೀಕ್ಷಾ ವಿಭಾಗದಲ್ಲಿ ಅವರಿಗೆ ಇಪ್ಪತ್ತೊಂದು ವರ್ಷದ ಸರ್ವಿಸು. ಮಾರುಕಟ್ಟೆಗೆ ಬರುವ ಹೊಸ ಕ್ಯಾಮೆರಾಗಳಲ್ಲಿ ಚಿತ್ರ ಎಷ್ಟು ಚೆಂದ ಬರುತ್ತದೆ ಎಂದು ನೋಡುವವರು ಬೇರೆ ಇದ್ದರು. ಇವರ ಪಾಲಿಗೆ ಬಂದದ್ದು ಕ್ಯಾಮೆರಾದೊಳಗಿನ ಮೆನುಗಳು, ಮತ್ತು ಡಬ್ಬಿಯ ಜೊತೆ ಪುಕ್ಕಟೆಯಾಗಿ ಬರುವ ಫೋಟೋ ಸಾಫ್ಟ್‌ವೇರು. ತಾರೀಕು ಬದಲಿಸಲು ಎಷ್ಟು ಸಲ ಗುಂಡಿ ಒತ್ತಬೇಕು, ಫ್ಲ್ಯಾಶ್ ಆರಿಸುವ ಜಾಗ ಯಾವ ಮೂಲೆಯಲ್ಲಿ ಅಡಗಿ ಕೂತಿದೆ ಎಂಬುದನ್ನೆಲ್ಲ ಅವರು ನೋಟುಬುಕ್ಕಿನಲ್ಲಿ ಗೀಟು ಹಾಕಿ ಎಣಿಸುತ್ತಿದ್ದರು. ಒಮ್ಮೆ ಒಂದು ಕಂಪನಿ ‘ಅಳಿಸು’ ಮತ್ತು ‘ಉಳಿಸು’ ಎರಡನ್ನೂ ಒಂದೇ ಬಣ್ಣದಲ್ಲಿ ಪಕ್ಕಪಕ್ಕದಲ್ಲೇ ಇಟ್ಟಿತ್ತು. “ಒಂದಕ್ಷರ ಕಣ್ತಪ್ಪಿದ್ರೆ ಮದುವೆ ಆಲ್ಬಮ್ಮೇ ಗೋವಿಂದ!” ಎಂದು ಮೇಷ್ಟ್ರು ಮೂರು ಪುಟ ಹರಿಹಾಯ್ದು ಬರೆದರು. ಕಚೇರಿಯವರು ಮೇಷ್ಟ್ರ ಪಟ್ಟ ಕಟ್ಟಿದ್ದು ಆಗಲೇ.

ಸಾಫ್ಟ್‌ವೇರುಗಳು ಮುಖ ನೋಡಿ ಫೋಟೋಗಳನ್ನು ವಿಂಗಡಿಸುವ ಕಾಲ ಬಂದಾಗ ಮೇಷ್ಟ್ರು ಅದಕ್ಕೂ ಒಂದು ಪರೀಕ್ಷೆ ಕಟ್ಟಿಕೊಂಡರು. ಹೊರಗಿನವರ ಮುಖ ಬೀಳದ, ತಮ್ಮ ಮನೆಯ ನಾನೂರ ಹನ್ನೆರಡು ಫೋಟೋಗಳನ್ನು ಆರಿಸಿ ಒಂದು ಕಡೆ ಇಟ್ಟರು. ಹಳೆಯವನ್ನು ಸ್ಕ್ಯಾನ್ ಮಾಡಿಸಿದ್ದರು. ಅವುಗಳಲ್ಲಿ ಇದ್ದದ್ದು ಏಳು ಜನ: ತಾವು, ಹೆಂಡತಿ, ಮಗಳು, ಹೆಂಡತಿಯ ಅಕ್ಕ, ಅಕ್ಕನ ಗಂಡ, ತಮ್ಮ ತಾಯಿ, ಸೋದರಮಾವ. ಯಾರು ಎಷ್ಟು ಫೋಟೋದಲ್ಲಿದ್ದಾರೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಹಾಗಾಗಿ ಯಾವ ಸಾಫ್ಟ್‌ವೇರು ಎಡವಿದರೂ ಅಲ್ಲೇ ಸಿಕ್ಕಿಬೀಳುತ್ತಿತ್ತು. ಎಡವದ ಸಾಫ್ಟ್‌ವೇರೇ ಇರಲಿಲ್ಲ. ಒಂದು, ಹೆಂಡತಿಯನ್ನೂ ಅವರ ಅಕ್ಕನನ್ನೂ ಒಬ್ಬಳೇ ಎಂದಿತ್ತು; ಇನ್ನೊಂದು ಸೋದರಮಾವನ ಬೋಳುತಲೆಯನ್ನು ಹೂಕುಂಡದ ಗುಂಪಿಗೆ ಸೇರಿಸಿತ್ತು. ಮೂವತ್ತು ನಲವತ್ತು ತಪ್ಪು ಮಾಮೂಲು.

ಆ ಸಲ ಬಂದದ್ದು ಕೈಯಲ್ಲಿ ಹಿಡಿದರೆ ತಣ್ಣಗಿರುವ ಒಂದು ಕಪ್ಪು ಕ್ಯಾಮೆರಾ. ಮೆನುಗಳಲ್ಲಿ ಬೆರಳಿಟ್ಟು ತೋರಿಸುವಂಥ ದೋಷ ಒಂದೂ ಇರಲಿಲ್ಲ. ಯಾವುದನ್ನು ಹುಡುಕಬೇಕೆಂದುಕೊಂಡರೂ ಅದು ಎರಡೇ ಒತ್ತಿಗೆ ಎದುರಿಗೆ ಬಂದು ನಿಲ್ಲುತ್ತಿತ್ತು. ಮೇಷ್ಟ್ರಿಗೆ ಖುಷಿಯಾಗುವ ಬದಲು ಏನೋ ಕಸಿವಿಸಿ. ಮಧ್ಯಾಹ್ನ ಊಟ ಮುಗಿಸಿ ಬಂದು ಸಾಫ್ಟ್‌ವೇರಿಗೆ ನಾನೂರ ಹನ್ನೆರಡು ಫೋಟೋ ಕೊಟ್ಟರು. ಒಂಬತ್ತು ನಿಮಿಷದಲ್ಲಿ ಅದು ಕೆಲಸ ಮುಗಿಸಿತು. ಹೆಂಡತಿ ಸರಿ, ಅಕ್ಕ ಸರಿ, ಸೋದರಮಾವನೂ ಹೂಕುಂಡದಿಂದ ಬಿಡುಗಡೆಯಾಗಿದ್ದ. ಏಳು ಗುಂಪುಗಳ ಲೆಕ್ಕವೂ ಕೂದಲೆಳೆಯಷ್ಟು ತಪ್ಪಿರಲಿಲ್ಲ.

ಕೆಳಗೆ ಎಂಟನೆಯ ಗುಂಪೊಂದಿತ್ತು. ಹದಿನಾಲ್ಕು ಫೋಟೋ. ‘ಇವರು ಯಾರು?’ ಎಂದು ಸಾಫ್ಟ್‌ವೇರು ಹೆಸರು ಕೇಳುತ್ತಿತ್ತು.

“ಅಂತೂ ಸಿಕ್ಕಿಬಿತ್ತು” ಎಂದುಕೊಂಡು ಮೇಷ್ಟ್ರು ಅದನ್ನು ತೆರೆದರು. ಗೋಡೆಯನ್ನೋ ಪರದೆಯನ್ನೋ ಮುಖವೆಂದು ತಿಳಿದಿರಬೇಕು ಎಂಬುದು ಅವರ ಎಣಿಕೆ. ಗೋಡೆಯಲ್ಲ, ಹೆಂಗಸು. ಮೂರು ವರ್ಷದ ಮಗಳು ಪಾರ್ಕಿನಲ್ಲಿ ಜಾರುಬಂಡೆ ಇಳಿಯುತ್ತಿದ್ದಳು. ಹಿಂದೆ, ಬೇಲಿಯಾಚೆ, ಬೂದು ಬಟ್ಟೆಯ ಒಬ್ಬ ಹೆಂಗಸು. ಶಾಲೆಯ ಓಟದ ಪಂದ್ಯದಲ್ಲಿ ಹಗ್ಗದ ಆಚೆ ಅದೇ ಹೆಂಗಸು. ಚಪ್ಪಲಿ ಅಂಗಡಿಯ ಕನ್ನಡಿಯೊಳಗೆ. ಆಸ್ಪತ್ರೆಯ ಜಗಲಿಯ ಕಂಬದ ಪಕ್ಕ. ರೈಲಿನಲ್ಲಿ ಇಡೀ ಒಂದು ದಿನ ಪ್ರಯಾಣ ಮಾಡಿ ನೋಡಲು ಹೋಗಿದ್ದ ಸಮುದ್ರದ ದಡದಲ್ಲಿ. ಕಳೆದ ವರ್ಷ ಮಗಳು ಪದವಿ ಪಡೆದ ದಿನ ಕಾಲೇಜಿನ ಮೆಟ್ಟಿಲ ಮೇಲೆ. ಮುಖ ಉಗುರಿನಷ್ಟೇ ಇದ್ದರೂ ದೊಡ್ಡದು ಮಾಡಿ ನೋಡಿದರೆ ಅನುಮಾನಕ್ಕೆ ಎಡೆಯಿರಲಿಲ್ಲ. ಮೊದಲಿನ ಫೋಟೋಗಳಲ್ಲಿ ತುಂಬುಗೆನ್ನೆ, ಆಮೇಲಿನವುಗಳಲ್ಲಿ ಕಿವಿಯ ಬಳಿ ನರೆ. ಒಂದರಲ್ಲೂ ಆಕೆ ಕ್ಯಾಮೆರಾದ ಕಡೆ ನೋಡಿರಲಿಲ್ಲ.

ಯಾವುದನ್ನೂ ಮೂರು ಸಲ ಮಾಡಿ ನೋಡದೆ ನಂಬುವ ಜಾಯಮಾನ ಮೇಷ್ಟ್ರದಲ್ಲ. ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದರು. ಮೂರು ಸಲವೂ ಹದಿನಾಲ್ಕು. ಹಳೆಯ ಸಾಫ್ಟ್‌ವೇರುಗಳಿಗೆ ಕೊಟ್ಟರೆ ಅವುಗಳಿಗೆ ಆ ಹೆಂಗಸು ಕಾಣಲೇ ಇಲ್ಲ.

ಲ್ಯಾಪ್‌ಟಾಪನ್ನೂ ಕ್ಯಾಮೆರಾವನ್ನೂ ಬಗಲಿಗೆ ಹಾಕಿಕೊಂಡು ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ನೆಲದ ಮೇಲೆ ಬಟ್ಟೆ ಹಾಸಿ ಕತ್ತರಿಸುತ್ತಿದ್ದರು.

“ಏನ್ರೀ, ಮುಖ ಹೀಗೆ ಬಿಳಿಚಿಕೊಂಡಿದೆ?”

ಮೇಷ್ಟ್ರು ಫೋಟೋಗಳನ್ನು ಒಂದೊಂದಾಗಿ ತೋರಿಸಿದರು. ಐದನೆಯದರ ಹೊತ್ತಿಗೆ ಹೆಂಡತಿ ಕತ್ತರಿ ಕೆಳಗಿಟ್ಟರು. ಹದಿನಾಲ್ಕೂ ಮುಗಿದ ಮೇಲೆ ಕೇಳಿದರು: “ನಮ್ಮ ಪುಟ್ಟಿ ಇಲ್ಲದ ಫೋಟೋ ಒಂದಾದ್ರೂ ಇದ್ಯಾ ಇದ್ರಲ್ಲಿ?”

ಇಷ್ಟು ಹೊತ್ತು ಮೇಷ್ಟ್ರಿಗೆ ಅದು ಹೊಳೆದಿರಲಿಲ್ಲ. ನೋಡಿದರು. ಒಂದೂ ಇರಲಿಲ್ಲ. ಮಗಳು ಮನೆಗೆ ಬರುವ ಮುಂಚಿನ ಫೋಟೋಗಳಲ್ಲಿ ಆ ಹೆಂಗಸಿನ ನೆರಳೂ ಇರಲಿಲ್ಲ.

ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಅವಳನ್ನು ಶಿಶುನಿಲಯದಿಂದ ತಂದಿದ್ದರು. ಅದೇನೂ ಮುಚ್ಚಿಟ್ಟ ವಿಷಯವಲ್ಲ; ಹತ್ತು ವರ್ಷ ತುಂಬಿದಾಗ ಕೂರಿಸಿಕೊಂಡು ಹೇಳಿದ್ದರು. ಹೆತ್ತವಳು ಹೆರಿಗೆಯಾದ ಮೂರನೆಯ ದಿನಕ್ಕೆ ತೀರಿಕೊಂಡಿದ್ದಳು. ನಿಲಯದವರು ಒಂದು ಲಕೋಟೆಯಲ್ಲಿ ಆಕೆಯ ಪಾಸ್‌ಪೋರ್ಟ್ ಅಳತೆಯ ಫೋಟೋ ಕೊಟ್ಟಿದ್ದರು. “ಬೇಕಾದಾಗ ಕೇಳ್ತೀನಿ” ಎಂದಿದ್ದ ಮಗಳು ಇಂದಿನವರೆಗೂ ಕೇಳಿರಲಿಲ್ಲ.

ಹೆಂಡತಿ ಎದ್ದು ಬೀರುವಿನ ತಳದಿಂದ ಆ ಲಕೋಟೆ ತೆಗೆದರು. ಫೋಟೋದಲ್ಲಿದ್ದದ್ದು ಇಪ್ಪತ್ತರ ಹುಡುಗಿ. ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅದೇ ಕ್ಯಾಮೆರಾದಿಂದ ತೆಗೆದು ಸಾಫ್ಟ್‌ವೇರಿಗೆ ಕೊಟ್ಟರು. ಅರೆಗಳಿಗೆಯೂ ಹಿಡಿಯಲಿಲ್ಲ. ಎಂಟನೆಯ ಗುಂಪಿನಲ್ಲಿ ಹದಿನಾಲ್ಕು ಹೋಗಿ ಹದಿನೈದಾಯಿತು.

“ಸತ್ತೋರಿಗೆ ವಯಸ್ಸಾಗುತ್ತೇನ್ರೀ?” ಎಂದರು ಹೆಂಡತಿ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ರಜೆ ಹಾಕಿ ಶಿಶುನಿಲಯಕ್ಕೆ ಹೋದರು. ಅಕ್ಕನೋ ತಂಗಿಯೋ ಇದ್ದಿರಬೇಕು, ಮಗುವನ್ನು ದೂರದಿಂದ ನೋಡಿಕೊಂಡು ಇದ್ದಿರಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಅಲ್ಲಿನ ಮೇಲ್ವಿಚಾರಕಿಗೆ ಈಗ ಎಪ್ಪತ್ತರ ಹತ್ತಿರ. ರಟ್ಟಿನ ಹೊದಿಕೆಯ ರಿಜಿಸ್ಟರು ತೆಗೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು.

“ಹಿಂದಿಲ್ಲ ಮುಂದಿಲ್ಲ, ಒಬ್ಬಂಟಿ ಹುಡುಗಿ. ಒಡಹುಟ್ಟಿದವರು ಯಾರೂ ಇರ್ಲಿಲ್ಲ. ಪಕ್ಕದಲ್ಲಿ ನಾನೇ ಇದ್ದೆ. ಕಣ್ಣು ಮುಚ್ಚಿಸಿದ್ದೂ ಇದೇ ಕೈ.”

ಮೇಷ್ಟ್ರು ದೊಡ್ಡದು ಮಾಡಿ ಪ್ರಿಂಟು ಹಾಕಿಸಿ ತಂದಿದ್ದ ಕಾಲೇಜಿನ ಮೆಟ್ಟಿಲಿನ ಫೋಟೋ ಮುಂದಿಟ್ಟರು. ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಬಹಳ ಹೊತ್ತು ನೋಡಿ, ಫೋಟೋ ಮಗುಚಿಟ್ಟು ರಿಜಿಸ್ಟರು ಮುಚ್ಚಿದರು.

“ಬದುಕಿದ್ದಿದ್ರೆ ಈಗ ಹೀಗೇ ಇರ್ತಿದ್ಲು” ಎಂದರು. “ಇದನ್ನ ತಗೊಂಡು ಹೋಗಿ ಸ್ವಾಮಿ. ಇಲ್ಲಿ ಇಡಬೇಡಿ.”

ಮಗಳಿಗೆ ಹೇಳಬೇಕೋ ಬೇಡವೋ ಎಂದು ಗಂಡಹೆಂಡತಿ ಎರಡು ದಿನ ತೂಗಿದರು. ಹೇಳದೆ ಇದ್ದರೆ ಮನೆಯೊಳಗೆ ಉಸಿರು ಕಟ್ಟುತ್ತದೆ ಎಂದು ಹೆಂಡತಿಯೇ ತೀರ್ಮಾನಿಸಿದರು. ಮಗಳು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದು ಕೈಕಾಲು ತೊಳೆದು ಕೂತವಳ ಮುಂದೆ ಮೇಷ್ಟ್ರು ಲ್ಯಾಪ್‌ಟಾಪ್ ತೆರೆದರು. ಹೇಗೆ ಶುರು ಮಾಡುವುದೆಂದು ಇನ್ನೂ ತಡಕಾಡುತ್ತಿದ್ದಾಗಲೇ ಅವಳು ಪರದೆಯ ಕಡೆ ಬಾಗಿದಳು.

“ಓ, ಇವ್ರಾ!”

ಮೇಷ್ಟ್ರು ತಟ್ಟನೆ ಅವಳ ಕಡೆ ತಿರುಗಿದರು. “ಗೊತ್ತಾ ನಿಂಗೆ?”

“ಗೊತ್ತು ಅಂದ್ರೆ... ಶಾಲೆ ಗೇಟಿನ ಹತ್ರ ಇರ್ತಿದ್ರಲ್ಲಪ್ಪ. ಬಸ್‌ಸ್ಟಾಪಲ್ಲೂ ಇರ್ತಿದ್ರು. ಈಗ ಅಂಗಡಿ ಎದುರು ಯಾವಾಗ್ಲಾದ್ರೂ ನಿಂತಿರ್ತಾರೆ.”

“ಮಾತಾಡ್ಸಿದ್ರಾ?”

“ಒಂದೇ ಸಲ. ಸಮುದ್ರದ ಹತ್ರ ಅಲೆ ಬಂದು ಬಿದ್ದೆನಲ್ಲ, ನೀವಿಬ್ರೂ ದೂರ ಇದ್ರಿ. ‘ಏಳು’ ಅಂದ್ರು. ಎದ್ದೆ.”

“ಇಷ್ಟು ವರ್ಷ ನಮ್ಗೆ ಯಾಕೆ ಹೇಳ್ಲಿಲ್ಲ ಪುಟ್ಟಿ?” ಹೆಂಡತಿ ಕೇಳಿದರು.

ಮಗಳು ಅವರಿಬ್ಬರ ಮುಖವನ್ನೂ ಬೆರಗಿನಿಂದ ನೋಡಿದಳು. “ಎಲ್ಲಾ ಮಕ್ಳಿಗೂ ಹಾಗೆ ಒಬ್ರು ದೂರದಲ್ಲಿ ನಿಂತಿರ್ತಾರೆ ಅಂದ್ಕೊಂಡಿದ್ದೆ.”

ಮೇಷ್ಟ್ರು ಲಕೋಟೆಯನ್ನು ಅವಳ ಕೈಗೆ ಕೊಟ್ಟರು. ಅವಳು ಆ ಪುಟ್ಟ ಫೋಟೋವನ್ನು ಅಂಗೈಯಲ್ಲಿಟ್ಟುಕೊಂಡಳು. ಅಳಲಿಲ್ಲ, ಹೆದರಲಿಲ್ಲ. ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತಾ ಹೋದರು. ಆಮೇಲೆ ಮೆಲ್ಲಗೆ, “ನಿಂಗೆ ಬೇಜಾರಾಯ್ತಾ ಅಮ್ಮ?” ಎಂದಳು.

ತಾಯಿ ಕಿಟಕಿಯ ಕಡೆ ನೋಡಿದರು, ನೋಡಬಾರದಿತ್ತು ಎನ್ನುವಂತೆ ಕಣ್ಣು ತಿರುಗಿಸಿದರು. “ಇಷ್ಟು ವರ್ಷ ನಾನೊಬ್ಳೇ ಸಾಕಿದೆ ಅಂದ್ಕೊಂಡಿದ್ದೆ ಕಣೇ” ಎಂದರು. ಅದು ದೂರೋ ನಿರಾಳವೋ ಮೇಷ್ಟ್ರಿಗೆ ತಿಳಿಯಲಿಲ್ಲ. ಆ ವಾರವಿಡೀ ಹೆಂಡತಿ ಸಂಜೆ ಐದಕ್ಕೇ ಕಿಟಕಿ ಪರದೆಗಳನ್ನು ಎಳೆದುಬಿಡುತ್ತಿದ್ದರು. ಒಂದು ದಿನ ಎಳೆಯುವುದನ್ನು ತಾವಾಗಿಯೇ ಬಿಟ್ಟರು.

ಮೇಷ್ಟ್ರು ವರದಿ ಕೊಡಬೇಕಾಗಿತ್ತು. ಮೆನುಗಳ ಬಗ್ಗೆ ಒಂದೂವರೆ ಪುಟ ಸರಾಗವಾಗಿ ಬರೆದರು. ಸಾಫ್ಟ್‌ವೇರಿನ ತಪ್ಪುಗಳ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಲೆಕ್ಕಕ್ಕಿಲ್ಲದ ಮುಖ ಬಂದರೆ ಅದು ತಪ್ಪು ಎಂಬ ನಿಯಮ ಮಾಡಿದವರು ಅವರೇ. ಒಂದು ಗಂಟೆ ಕೂತು ಕೊನೆಗೆ ‘ಸೊನ್ನೆ’ ಎಂದು ಬರೆದರು.

ಸಂಪಾದಕರು ಹುಬ್ಬೇರಿಸಿದರು. “ಏನ್ ಮೇಷ್ಟ್ರೇ, ನಿಮ್ಮ ಕೈಲಿ ಪೂರ್ತಿ ಮಾರ್ಕ್ಸಾ? ಹುಷಾರಾಗಿದ್ದೀರಿ ತಾನೆ?”

“ಲೆಕ್ಕ ತಪ್ಪಿದ್ದು ನನ್ನದು ಸಾರ್. ಆ ಫೋಟೋಗಳಲ್ಲಿ ಇದ್ದದ್ದು ಎಂಟು ಜನ.”

ಕ್ಯಾಮೆರಾ ಕಂಪನಿಗೆ ವಾಪಸು ಹೋಯಿತು. ಆ ಕ್ಯಾಮೆರಾ ಜೋಡಿಸದೆ ಸಾಫ್ಟ್‌ವೇರು ತೆರೆಯುತ್ತಿರಲಿಲ್ಲವಾದ್ದರಿಂದ ಅದೂ ಹೋಯಿತು. ಮೇಷ್ಟ್ರು ಇನ್ನೊಂದನ್ನು ಕೊಳ್ಳಲು ಹೋಗಲಿಲ್ಲ. ಹೊಸ ಫೋಟೋಗಳನ್ನು ದೊಡ್ಡದು ಮಾಡಿ ನೋಡುವ ಚಾಳಿಯನ್ನೂ ಬಿಟ್ಟರು. ಮಗಳು ಮಾತ್ರ ಆ ಪುಟ್ಟ ಫೋಟೋವನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದಳು. ಎಂದಿನಂತೆ ಕೆಲಸ, ಎಂದಿನಂತೆ ನಗು. ಕೆಲವೊಮ್ಮೆ ಊಟಕ್ಕೆ ಕೂತಾಗ ಅವಳೇ, “ಇವತ್ತು ಬಂದಿದ್ರು” ಎನ್ನುತ್ತಿದ್ದಳು. ಮೊದಮೊದಲು ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಆಮೇಲಾಮೇಲೆ ಹೆಂಡತಿ, “ಹೇಗಿದ್ರು?” ಎಂದು ಕೇಳತೊಡಗಿದರು.

ಎರಡು ವರ್ಷ ಕಳೆದು ಮಗಳು ತನ್ನದೇ ಒಂದು ಪುಟ್ಟ ಕನ್ನಡಕದಂಗಡಿ ತೆರೆದಳು. ಬಾಗಿಲೂ ಗಾಜು, ಗೋಡೆಯೂ ಗಾಜು. ಬೆಳಗಿನ ಬಿಸಿಲಿನಲ್ಲಿ ತಾಯಿಯೂ ಮಗಳೂ ಬಾಗಿಲ ಮುಂದೆ ನಿಂತರು. ಫೋಟೋ ತೆಗೆಯಲು ಮೇಷ್ಟ್ರು ಕ್ಯಾಮೆರಾ ಎತ್ತಿದಾಗ ಹೆಂಡತಿ ಮಗಳ ಪಕ್ಕದಿಂದ ಒಂದು ಹೆಜ್ಜೆ ಸರಿದರು. ನಡುವೆ ಒಬ್ಬರು ನಿಲ್ಲುವಷ್ಟು ಜಾಗವಾಯಿತು.

“ಇನ್ನೊಂದು ಚೂರು ಹಿಂದಕ್ಕೆ ಹೋಗಿ ತೆಗೀರಿ” ಎಂದರು. “ಎಲ್ರೂ ಬರ್ಲಿ.”

ಮೇಷ್ಟ್ರು ರಸ್ತೆಯ ಅಂಚಿನವರೆಗೂ ಹಿಂದಕ್ಕೆ ಹೋಗಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು.